ಹುಳುಮನೆಯೂ ಮೊಣಕಾಲೆಣ್ಣೆಯೂ

ಕೋಪದಲ್ಲಿದ್ದಾಗ ಬರೆಯಬಾರದು, ಇಳಿದ ಮೇಲೆ ಬರೆದರೆ ಮಾತು ಹದವಾಗಿ ಬರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇರಲಿ ಎಂದು ನಾನೂ ಕಾದೆ. ಶ್ರೀನಿವಾಸಪುರದ ಮಾವು ಮಂಡಿಗೆ ಬಂದು ಹೋಯಿತು, ರಾಗಿ ಕೊಯ್ಲಾಯಿತು, ಅವರೆಕಾಯಿಯ ಸೊಗಡೂ ಹೋಯಿತು. ಕೋಪ ಮಾತ್ರ ಕೂತ ಕಡೆಯಿಂದ ಏಳಲಿಲ್ಲ. ಅದೂ ಅಲ್ಲದೆ, ಆರಿದ ಮೇಲೆ ಬರೆದದ್ದನ್ನು ನಾನು ನಂಬುವುದಿಲ್ಲ. ಆರಿದ ನೆನಪು ಆರಿದ ಮುದ್ದೆಯ ಹಾಗೆ. ಹೊರಗೆ ಗುಂಡಗೆ ಚೆನ್ನಾಗಿ ಕಾಣುತ್ತದೆ, ನುಂಗಲು ಹೋದರೆ ಗಂಟಲಲ್ಲಿ ನಿಲ್ಲುತ್ತದೆ. ಆದ್ದರಿಂದ ಬಿಸಿಯಾಗಿರುವಾಗಲೇ ಬಡಿಸುತ್ತಿದ್ದೇನೆ. ಬಾಯಿ ಸುಟ್ಟರೆ ನನ್ನನ್ನು ಕೇಳಬೇಡಿ.

ವಿಷಯ ಇಷ್ಟೇ. ಒಂದು ಮನೆಯಲ್ಲಿ ಆರೋಗ್ಯ ಎನ್ನುವುದು ಎಲ್ಲರಿಗೂ ಸಾಲುವಷ್ಟು ಇರುವುದಿಲ್ಲ. ಕೆಲವು ಮನೆಗಳಲ್ಲಿ ಅದನ್ನು ಗಂಡಸರು ತೆಗೆದುಕೊಳ್ಳುತ್ತಾರೆ, ಕೆಲವು ಕಡೆ ಮೊಮ್ಮಕ್ಕಳು. ನಮ್ಮ ಮನೆಯಲ್ಲಿ ಇದ್ದಷ್ಟನ್ನೂ ರೇಷ್ಮೆಹುಳುಗಳು ತೆಗೆದುಕೊಂಡಿವೆ. ಮುಳಬಾಗಿಲಿನಿಂದ ಆವನಿ ಕಡೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ನಮ್ಮೂರು. ನಾನು ಮುಳಬಾಗಿಲಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಉಳಿದ ವೇಳೆಯಲ್ಲಿ ಹುಳುಗಳ ಸೊಸೆ. ಹುಳುವಿಗೆ ವಾಸನೆ ಆಗದು. ಹೊಗೆಸೊಪ್ಪು ಆಗದು, ಊದುಬತ್ತಿ ಆಗದು, ಸೊಳ್ಳೆಬತ್ತಿ ಆಗದು, ಮೆಣಸಿನಕಾಯಿಯ ಘಾಟು ಆಗದು, ಮುಖಕ್ಕೆ ಹಚ್ಚುವ ಪೌಡರು ಆಗದು. ಹುಳುಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು, ಕೈ ತೊಳೆದುಕೊಂಡು, ಮದುವೆಯಾದ ಹೊಸದರಲ್ಲಿ ನಾನು ಈ ಮನೆಗೆ ಬಂದದ್ದಕ್ಕಿಂತ ಹೆಚ್ಚು ಭಯಭಕ್ತಿಯಿಂದ ಒಳಗೆ ಕಾಲಿಡಬೇಕು. ಹುಳು ಪೊರೆ ಬಿಡುವ ಮುನ್ನ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಿತೆಂದರೆ ಮನೆಯಲ್ಲಿ ಪಾತ್ರೆ ಕೂಡ ಸದ್ದು ಮಾಡುವಂತಿಲ್ಲ. ಹೋದ ವರ್ಷ ನನಗೆ ನಿಜವಾದ ಜ್ವರ ಬಂದು ಮಲಗಿದ್ದಾಗ ನನ್ನ ಗಂಡ ಬಾಗಿಲಲ್ಲೇ ನಿಂತು, ಮಾತ್ರೆ ತಗೊಂಡ್ಯಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹುಳುಮನೆಯ ಸೆಕೆ ನೋಡಲು ಓಡಿದರು. ಅಲ್ಲಿ ಥರ್ಮಾಮೀಟರನ್ನು ಗೋಡೆಗೇ ನೇತುಹಾಕಿದ್ದಾರೆ. ನನಗೆ ಬೇಕಾದಾಗ ಮನೆಯಲ್ಲಿ ಥರ್ಮಾಮೀಟರು ಸಿಗಲಿಲ್ಲ.

ಈ ಸಾಮ್ರಾಜ್ಯಕ್ಕೆ ಮಹಾರಾಣಿ ನಮ್ಮ ಅತ್ತೆ. ಗಡಿಯಾಚೆ ಪುಂಗನೂರು ಕಡೆಯ ತವರು. ಸಮಾಧಾನವಾಗಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಹುಳುಮನೆಯ ಬಾಗಿಲಲ್ಲಿ ನಿಂತು ಒಳಗೆ ಹೋಗುವವರನ್ನೆಲ್ಲ ಅವರು ಮೂಸುತ್ತಾರೆ. ಸೊಪ್ಪು ಕೊಯ್ಯಲು ಬಂದ ಆಳು ಬೀಡಿ ಸೇದಿ ಎಷ್ಟು ಹೊತ್ತಾಯಿತು ಎಂಬುದು ಅವರ ಮೂಗಿಗೆ ಗೊತ್ತು. ಒಮ್ಮೆ ರೇಷ್ಮೆ ಇಲಾಖೆಯ ಅಧಿಕಾರಿಯೊಬ್ಬರು ಸೆಂಟು ಹಾಕಿಕೊಂಡು ಬಂದಿದ್ದರು. ಅತ್ತೆ ಅವರನ್ನು ಬಾವಿಕಟ್ಟೆಗೆ ಕಳಿಸಿ ಕತ್ತು ತೊಳೆಸಿದರು. ಅಧಿಕಾರಿಗಳು ತೊಳೆದುಕೊಂಡರು. ಅಂಥ ಮೂಗು.

ಇಂಥ ಮನೆಯಲ್ಲಿ ನನಗೆ ಗಿಡಮೂಲಿಕೆಯ ಹುಚ್ಚು ಹಿಡಿಯಿತು. ಇದೆಲ್ಲ ನಮ್ಮಜ್ಜಿ ಕಲಿಸಿದ್ದು ಎಂದು ಶಾಲೆಯಲ್ಲಿ ಹೇಳಿಕೊಂಡಿದ್ದೇನೆ. ಕೇಳುವವರಿಗೂ ಅದೇ ಹಿತ. ನಮ್ಮಜ್ಜಿ ತಲೆನೋವು ಬಂದರೆ ಅಂಗಡಿಯ ಮುಲಾಮು ಹಚ್ಚಿಕೊಂಡು, ಗಿಡದ ಕಡೆ ತಿರುಗಿಯೂ ನೋಡದೆ ಮಲಗುತ್ತಿದ್ದರು. ನಾನು ಕಲಿತದ್ದು ಮೊಬೈಲಿನಲ್ಲಿ, ಬೇರುನಾರು ಮಾರುವ ಗ್ರಂಥಿಗೆ ಅಂಗಡಿಯವರ ಬಾಯಿಂದ, ಮತ್ತು ಕೆಡಿಸಿ ಕೆಡಿಸಿ. ಕೂದಲಿಗೆ ಗರುಗದ ಸೊಪ್ಪು, ದಾಸವಾಳದ ಎಲೆ, ಮೆಂತ್ಯ ಹಾಕಿ ಕಾಯಿಸಿದ ಎಣ್ಣೆ. ಕೆಮ್ಮಿಗೆ ದೊಡ್ಡಪತ್ರೆಯ ಕಷಾಯ. ಸ್ನಾನಕ್ಕೆ ಕಡಲೆಹಿಟ್ಟು, ಕಸ್ತೂರಿ ಅರಿಸಿನ, ಕಿತ್ತಳೆ ಸಿಪ್ಪೆಯ ಪುಡಿ. ಚಿಟ್ಟೆ ಹೊರಬಂದು ತೂತಾದ ರೇಷ್ಮೆಗೂಡುಗಳೊಳಗೆ ಲಾವಂಚದ ಬೇರು ತುಂಬಿ, ಬಣ್ಣದ ದಾರ ಕಟ್ಟಿ, ಬೀರುವಿನಲ್ಲಿ ತೂಗುಹಾಕುವ ಚೆಂದದ ವಸ್ತುವನ್ನೂ ಮಾಡಿದೆ. ಅತ್ತೆ ಅದನ್ನು ನೋಡಿ, ಹುಳ ಸತ್ತ ಮೇಲೂ ಬಿಡಲ್ವಲ್ಲೇ ನೀನು ಎಂದರು. ಎಲ್ಲಕ್ಕಿಂತ ನನಗೆ ಹೆಮ್ಮೆ ತಂದದ್ದು ಮೊಣಕಾಲೆಣ್ಣೆ: ಲಕ್ಕಿ ಸೊಪ್ಪು, ಎಕ್ಕದ ಎಲೆ, ಬೆಳ್ಳುಳ್ಳಿ, ಓಮ ಎಲ್ಲವನ್ನೂ ಎಳ್ಳೆಣ್ಣೆಯಲ್ಲಿ ಕರಕಾಗುವವರೆಗೆ ಕಾಯಿಸಿ, ಇಳಿಸಿದ ಮೇಲೆ ಕರ್ಪೂರ. ಶಾಲೆಯಲ್ಲಿ ಮಹಡಿ ಹತ್ತಲಾರದ ಹಿರಿಯ ಮೇಡಂ ಒಬ್ಬರು ಅದನ್ನು ಹಚ್ಚಿಕೊಂಡು ಹತ್ತಿದರು. ಇಳಿದದ್ದನ್ನು ನಾನು ನೋಡಲಿಲ್ಲ. ಅತ್ತೆಗೂ ಮೊಣಕಾಲು ನೋವಿತ್ತು. ಒಂದು ಸೀಸೆ ಕೊಡಲು ಹೋದರೆ, ಸೊಪ್ಪು ಬೇಯಿಸೋಕೂ ಬಿಎಡ್ ಮಾಡ್ಬೇಕೇನೇ ಎಂದು ಕೇಳಿ, ಸೀಸೆಯನ್ನು ಕೈಯಲ್ಲೂ ಮುಟ್ಟಲಿಲ್ಲ.

ಹುಳುಮನೆ ಮನೆಯ ಮುಂದಕ್ಕಿದೆ. ನನ್ನ ಒಲೆ ಹಿತ್ತಿಲಿನ ತಗಡಿನ ಶೀಟಿನ ಕೆಳಗೆ. ಆದರೂ ಜಗಳ ತಪ್ಪಲಿಲ್ಲ. ಗಾಳಿ ಹಿತ್ತಿಲಿನಿಂದ ಬೀಸಿದರೆ ಒಲೆ ಹಚ್ಚಬಾರದು. ಎಣ್ಣೆ ಮುಟ್ಟಿದ ಕೈಯಲ್ಲಿ ಸೊಪ್ಪಿನ ಕಟ್ಟು ಮುಟ್ಟಬಾರದು. ಕೊನೆಗೆ ನಾನು ಹುಳುಮನೆಯ ಕಡೆಗೇ ಹೋಗಬಾರದು ಎಂದಾಯಿತು. ಇದರಿಂದ ನನಗೆ ನಷ್ಟವೇನೂ ಆಗಲಿಲ್ಲ, ನನ್ನ ಓರಗಿತ್ತಿ ರತ್ನಕ್ಕನಿಗೆ ನನ್ನ ಪಾಲಿನ ಕೆಲಸವೂ ಬಿತ್ತು. ಆಕೆ ಅದನ್ನು ನುಂಗಿಕೊಳ್ಳುವ ಪೈಕಿ ಅಲ್ಲ. ದಿನಾ ಒಂದೊಂದು ಮಾತು. ಈ ಸಲದ ಹುಳು ನಾಲ್ಕನೆಯ ಜ್ವರದಿಂದ ಎದ್ದು ಗಬಗಬ ಸೊಪ್ಪು ತಿನ್ನುತ್ತಿದ್ದಾಗ ನನ್ನ ಗಂಡ ತೀರ್ಪು ಕೊಟ್ಟರು. "ನೋಡು ಮಂಜುಳಾ, ಈ ಬೆಳೆಗೆ ಏನಾದ್ರೂ ಹೆಚ್ಚುಕಮ್ಮಿ ಆಯ್ತು ಅಂದ್ರೆ ನಿನ್ನ ಒಲೆ ಇರಲ್ಲ. ಆಮೇಲೆ ಮಾತಿಲ್ಲ." ಮದುವೆಯಾದಾಗಿನಿಂದ ಆತ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿದ ವಾಕ್ಯ ಇನ್ನೊಂದಿಲ್ಲ.

ಆ ವಾರವೇ ಕೋಲಾರದ ಒಂದು ಮಹಿಳಾ ಸಂಘದವರು ನನ್ನನ್ನು ಕರೆದಿದ್ದರು. ಮನೆಮದ್ದು ಮಾಡುವುದು ಹೇಗೆ ಎಂದು ಅವರಿಗೆ ತೋರಿಸಬೇಕಿತ್ತು. ಜೀವನದಲ್ಲಿ ಮೊದಲ ಸಲ ಯಾರೋ ದೊಡ್ಡವರು ನನ್ನಿಂದ ಕಲಿಯುತ್ತೇವೆ ಎಂದು ತಾವಾಗಿ ಹೇಳಿದ್ದರು. ಶಾಲೆಯ ಮಕ್ಕಳು ಹಾಗೆ ಎಂದೂ ಹೇಳಿದವರಲ್ಲ. ಹೊರಡುವ ಬೆಳಗ್ಗೆ ಒಳ್ಳೆಯ ಸೀರೆ ಉಟ್ಟು, ಸೀಸೆಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಹುಳುಮನೆಯಿಂದ ನನ್ನ ಗಂಡನ ಕೂಗು ಕೇಳಿತು. ಬಾಗಿಲ ಪಕ್ಕದ ಸಾಲಿನ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಬಿಟ್ಟಿದ್ದವು. ತಲೆ ಎತ್ತಿ ಅತ್ತ ಇತ್ತ ಆಡಿಸುತ್ತ, ಬಾಯಿಂದ ಹಸಿರು ನೀರು ಬಿಡುತ್ತಿದ್ದವಂತೆ. ಇದು ನಾನು ಕಂಡದ್ದಲ್ಲ, ನನಗೆ ಒಳಗೆ ಪ್ರವೇಶವಿರಲಿಲ್ಲವಲ್ಲ. ಅತ್ತೆ ಆಗಲೇ ಒಳಗಿದ್ದರು. ವಾಸನೆ ಇದೆ, ಇಲ್ಲೇ ಇದೆ, ಒಳಗೇ ಇದೆ ಎಂದು ಅವರು ತೆಲುಗಿನಲ್ಲಿ ಸಾರುವುದು ಅಂಗಳದವರೆಗೂ ಕೇಳುತ್ತಿತ್ತು.

ಮುಂದೆ ಏನಾಯಿತೆಂದು ಓದುಗರು ಊಹಿಸಿರಬಹುದು. ನನ್ನನ್ನು ಅಂಗಳದಲ್ಲಿ ನಿಲ್ಲಿಸಿದರು. ನನ್ನ ಗಂಡ ಸೊಂಟದ ಮೇಲೆ ಕೈಯಿಟ್ಟು ನಿಂತರು. ರತ್ನಕ್ಕ ನನ್ನ ಹತ್ತಿರ ಬಂದು, ಸಂತೆಯಲ್ಲಿ ಹಲಸಿನಹಣ್ಣು ನೋಡುವವರ ಹಾಗೆ ನನ್ನನ್ನು ಸುತ್ತಿ, ಮೊದಲು ಜಡೆ ಮೂಸಿದಳು.

"ತಲೆಗೆ ಏನ್ ಹಾಕ್ಕೊಂಡಿದ್ದೀಯ?"

"ನೀರು," ಎಂದೆ.

"ಬರೀ ನೀರು?"

"ನಿಮ್ಮ ಮನೆ ಬಾವೀದು. ಅದನ್ನೂ ಮೂಸಬೇಕಾದ್ರೆ ಹಗ್ಗ ಅಲ್ಲಿದೆ."

ಆಮೇಲೆ ನನ್ನ ಎರಡು ಕೈಗಳನ್ನೂ ತಿರುಗಿಸಿ ಮೂಸಿದಳು. ಸೆರಗು ಮೂಸಿದಳು. ವಿಜ್ಞಾನದ ಶಿಕ್ಷಕಿ, ಕೋಲಾರದಿಂದ ಆಹ್ವಾನ ಬಂದವಳು, ಒಳ್ಳೆಯ ಸೀರೆಯಲ್ಲಿ ಅಂಗಳದ ನಡುವೆ ನಿಂತು ಮೂಸಿಸಿಕೊಳ್ಳುತ್ತಿದ್ದೇನೆ. ಆಚೆ ರಸ್ತೆಯಲ್ಲಿ ಟೊಮೇಟೊ ಪೆಟ್ಟಿಗೆ ಹೊತ್ತ ಟೆಂಪೊದವನು ಕೂಡ ನಿಧಾನ ಮಾಡಿದ. ಇಷ್ಟಾಗಿ ರತ್ನಕ್ಕನಿಗೆ ಏನೂ ಸಿಗಲಿಲ್ಲ. ಅದನ್ನು ಆಕೆ ಒಪ್ಪಿಕೊಂಡ ರೀತಿ ನೋಡಿ: ಈಗ ಬರ್ತಿಲ್ಲ ಎಂದಳು. ಈಗ ಎನ್ನುವ ಆ ಪದವನ್ನು ನಾನು ಸಾಯುವವರೆಗೂ ಮರೆಯುವವಳಲ್ಲ.

ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಹುಳುಮನೆಗೆ ಎರಡು ಮೆಟ್ಟಿಲು. ಬಾಗಿಲ ಚೌಕಟ್ಟು ಹಿಡಿದು, ಬಲಗಾಲನ್ನು ಮೊದಲು ಇಳಿಸಿ, ಎಡಗಾಲನ್ನು ಅದರ ಪಕ್ಕಕ್ಕೆ ತಂದು ನಿಂತರು. ಅವರು ಬಂದ ಕೂಡಲೇ ಅಂಗಳದಲ್ಲೂ ವಾಸನೆ ಬಂತು. ನನಗೆ ಬಂತು, ರತ್ನಕ್ಕನಿಗೂ ಬಂದಿರಬೇಕು, ಅವಳ ಮೂಗಿನ ಹೊಳ್ಳೆ ಅರಳಿತು. ಅತ್ತೆ ಬಾವಿಕಟ್ಟೆಯ ಕಡೆ ಹೋದರೆ ವಾಸನೆಯೂ ಅತ್ತ ಹೋಯಿತು. ತಿರುಗಿ ಬಂದರೆ ಇತ್ತ ಬಂತು. ತಟ್ಟೆಯಲ್ಲಿನ ವಾಸನೆ ಹಿಡಿದವರಿಗೆ ತಮ್ಮದು ತಿಳಿದಂತಿರಲಿಲ್ಲ. ಸ್ವಂತ ವಾಸನೆ ಸ್ವಂತ ಮೂಗಿಗೆ ತಿಳಿಯುವುದಿಲ್ಲ, ಅದನ್ನು ನಾನು ಏಳನೇ ತರಗತಿಗೆ ಪಾಠ ಮಾಡಿದ್ದೇನೆ. ಆದರೆ ಈ ಮನೆಯಲ್ಲಿ ಎಲ್ಲರನ್ನೂ ಮೂಸುವವರು ಅವರು. ಅವರನ್ನು ಮೂಸುವವರು ಯಾರು? ಮಗ ಮೂಸುತ್ತಾನೆಯೆ? ಹಿರಿಯ ಸೊಸೆ ಮೂಸುತ್ತಾಳೆಯೆ? ಅಂಥ ಪದ್ಧತಿ ಯಾವ ಮನೆತನದಲ್ಲೂ ಇಲ್ಲ. ಇಬ್ಬರೂ ಆಕಾಶ ನೋಡುತ್ತ ನಿಂತರು.

ನನಗೆ ಒಂದು ಪದ್ಧತಿ ನೆನಪಾಯಿತು. ಒಳ್ಳೆಯ ಕೆಲಸಕ್ಕೆ ಹೊರಡುವಾಗ ಹಿರಿಯರ ಕಾಲಿಗೆ ಬೀಳಬೇಕು. ಹೇಗಿದ್ದರೂ ನಾನು ಕೋಲಾರಕ್ಕೆ ಹೊರಟವಳು. ಕೋಲಾರಕ್ಕೆ ಹೋಗಿ ಬರ್ತೀನಿ ಅತ್ತೆ, ಆಶೀರ್ವಾದ ಮಾಡಿ ಎಂದು ಬಗ್ಗಿದೆ. ಅವರು ಕಕ್ಕಾಬಿಕ್ಕಿಯಾದರು. ಸಿಟ್ಟಿನಲ್ಲಿದ್ದರೂ ಕಾಲಿಗೆ ಬಿದ್ದ ಸೊಸೆಯನ್ನು ತಳ್ಳುವಂತಿಲ್ಲ. ನಾನು ಪಾದ ಮುಟ್ಟಿದೆ, ಆದರೆ ಮೂಗನ್ನು ಮೊಣಕಾಲಿನ ಮಟ್ಟದಲ್ಲೇ ನಿಲ್ಲಿಸಿ ಉಸಿರೆಳೆದುಕೊಂಡೆ. ಲಕ್ಕಿ, ಬೆಳ್ಳುಳ್ಳಿ, ಓಮ, ಕರ್ಪೂರ. ನನ್ನ ಎಣ್ಣೆ. ಕೈಯಲ್ಲೂ ಮುಟ್ಟದ ನನ್ನ ಎಣ್ಣೆ ಅವರ ಸೀರೆಯ ಒಳಗಿನಿಂದ ಘಮ್ಮೆಂದು ಬರುತ್ತಿತ್ತು. ಹಿತ್ತಿಲಿಗೆ ಬಂದು ಕದ್ದು ಹಚ್ಚಿಕೊಂಡು, ಅದೇ ಕೈಯಲ್ಲಿ ಬಾಗಿಲ ಪಕ್ಕದ ಸಾಲಿಗೆ ಸೊಪ್ಪು ಉದುರಿಸಿದ್ದಾರೆ. ನಾನು ಬಗ್ಗಿಯೇ ಇದ್ದೆ. ಅತ್ತೆಗೆ ಗೊತ್ತಾಯಿತು. ಅವರು ಆಶೀರ್ವಾದ ಮಾಡುವವರಂತೆ ನನ್ನ ತಲೆಯ ಮೇಲೆ ಕೈಯಿಟ್ಟು, ತಾವೂ ಸ್ವಲ್ಪ ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು.

"ಮೆಟ್ಲು ಹತ್ತಕ್ಕಾಗಲ್ಲ ಕಣಮ್ಮಾ. ಇದು ಹಚ್ಚಿದ್ರೇನೇ ಹತ್ತೋದು. ಹೇಳ್ಬೇಡ ಅವನಿಗೆ. ಒಳಗೆ ಬಿಡಲ್ಲ ಆಮೇಲೆ ನನ್ನ."

ಇಲ್ಲಿ ನಿಲ್ಲಬೇಕು. ಮುಂದಿನದನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳುವಾಗ ಬಹಳ ಚೆನ್ನಾಗಿ ಹೇಳುತ್ತೇನೆ: ವಯಸ್ಸಾದ ಜೀವದ ಮೇಲೆ ಮರುಕ ಬಂತು, ತುಟಿ ಕಚ್ಚಿಕೊಂಡು ತಪ್ಪನ್ನು ನನ್ನ ಮೇಲೆ ಹಾಕಿಕೊಂಡೆ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಹೇಳಿ ಹೇಳಿ ನನಗೂ ಹಾಗೇ ನಡೆಯಿತೇನೋ ಎನ್ನಿಸತೊಡಗಿದೆ. ನಡೆದದ್ದು ಹಾಗಲ್ಲ. ನಾನು ನೆಟ್ಟಗೆ ಎದ್ದು ನಿಂತು, ಟೊಮೇಟೊ ಟೆಂಪೊದವನಿಗೂ ಕೇಳುವ ಹಾಗೆ, "ರೀ, ನಿಮ್ಮಮ್ಮನ ಮಂಡಿ ಮೂಸಿ ನೋಡಿ" ಎಂದೆ. ಮರುಕ ಬರಲಿಲ್ಲವೆಂದಲ್ಲ. ಕೋಪ ಮೊದಲು ಬಂದಿತ್ತು, ಮರುಕ ಹಿಂದಿನ ಬಸ್ಸಿನಲ್ಲಿತ್ತು.

ಯಾರೂ ಮೂಸಲಿಲ್ಲ. ಮೂಸುವ ಅಗತ್ಯವೂ ಇರಲಿಲ್ಲ. ಅತ್ತೆ ಜಗಲಿಯ ಮೇಲೆ ಹೋಗಿ ಕೂತರು. ನನ್ನ ಗಂಡ ಆ ಸಾಲಿನ ತಟ್ಟೆಗಳನ್ನು ಬೇರೆ ಮಾಡಿ ಹೊರಗೆ ತಂದರು. ಹೆತ್ತ ತಾಯಿಯ ಮೇಲೆ ಕೂಗಾಡುವಂತಿರಲಿಲ್ಲ, ಸುಮ್ಮನಿರುವಂತೆಯೂ ಇರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ಅಷ್ಟು ಘಾಟಾಗಿ ಮಾಡು ಅಂತ ನಿನಗ್ಯಾರು ಹೇಳಿದ್ದು?" ಎಂದರು. ಕದ್ದವರು ಒಬ್ಬರು, ಹಚ್ಚಿದವರು ಒಬ್ಬರು, ಹಚ್ಚಿದ ಕೈಯಲ್ಲಿ ಸೊಪ್ಪು ಮುಟ್ಟಿದವರು ಒಬ್ಬರು, ಎಲ್ಲವೂ ಒಬ್ಬರೇ, ತಪ್ಪು ಎಣ್ಣೆಯದು. ಎಣ್ಣೆ ಕೆಲಸ ಮಾಡದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲವಂತೆ. ಅಷ್ಟರಲ್ಲಿ ಬಸ್ಸು ಹೋಗಿತ್ತು. ಕೋಲಾರದವರಿಗೆ ಫೋನ್ ಮಾಡಿ, ಬರಲಾಗುವುದಿಲ್ಲ, ಹುಳುವಿಗೆ ಹುಷಾರಿಲ್ಲ ಎಂದೆ. ಅಯ್ಯೋ, ಹಾಗಾದರೆ ಖಂಡಿತ ಬರಬೇಡಿ ಎಂದರು. ನನಗೇ ಹುಷಾರಿಲ್ಲ ಎಂದಿದ್ದರೆ, ಒಂದು ಮಾತ್ರೆ ನುಂಗಿ ಬನ್ನಿ, ಎಲ್ಲರೂ ಕಾಯುತ್ತಿದ್ದಾರೆ ಎನ್ನುತ್ತಿದ್ದರು.

ಹಿತ್ತಿಲಿನ ಒಲೆಯನ್ನು ಆ ಸಂಜೆಯೇ ಎತ್ತಿ ಅಟ್ಟಕ್ಕೆ ಹಾಕಿದರು. ಆದರೆ ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ಅತ್ತೆ ಹುಳುಮನೆಗೆ ಹೋಗುವುದನ್ನೇ ಬಿಟ್ಟರು. ಯಾರೂ ಬೇಡವೆಂದಿರಲಿಲ್ಲ, ಎಣ್ಣೆ ಹಚ್ಚಿದರೆ ಒಳಗೆ ಹೋಗುವಂತಿಲ್ಲ, ಹಚ್ಚದಿದ್ದರೆ ಮೆಟ್ಟಿಲು ಹತ್ತುವಂತಿಲ್ಲ. ಜಗಲಿಯ ಮೇಲೆ ಕೂತು ಹುಳುಮನೆಯ ಬಾಗಿಲನ್ನು ನೋಡುತ್ತಿದ್ದರು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಎದುರಾಡಿ ಹಗುರಾಗುತ್ತಿದ್ದೆ, ಆ ಸೌಕರ್ಯವನ್ನೂ ಅವರು ನನಗೆ ಕೊಡಲಿಲ್ಲ. ಇತ್ತ ಉಳಿದ ಹುಳುಗಳು ಹಣ್ಣಾಗುವ ಸಮಯ ಬಂತು. ಮೈ ತಿಳಿಯಾಗಿ ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮೊದಲೇ ಬಿಟ್ಟರೆ ಕಟ್ಟುವುದಿಲ್ಲ, ತಡವಾದರೆ ತಟ್ಟೆಯಲ್ಲೇ ನೂಲು ಚೆಲ್ಲುತ್ತದೆ. ನನ್ನ ಗಂಡ ಒಂದು ಹುಳುವನ್ನು ಬೆಳಕಿಗೆ ಹಿಡಿದು, ಆಯ್ತಲ್ವಾ ಎಂದು ರತ್ನಕ್ಕನನ್ನು ಕೇಳುತ್ತಾರೆ. ರತ್ನಕ್ಕ, ಇನ್ನೂ ಇಲ್ಲ ಅನ್ಸುತ್ತೆ, ನೀವೇ ನೋಡಿ ಎನ್ನುತ್ತಾಳೆ. ಇಷ್ಟು ವರ್ಷ ಅದನ್ನು ನೋಡಿ ಹೇಳುತ್ತಿದ್ದವರು ಜಗಲಿಯ ಮೇಲಿದ್ದರು.

ಮಧ್ಯಾಹ್ನ ನನ್ನ ಗಂಡ ಅಡುಗೆಮನೆಗೆ ಬಂದು, ಲೋಟ ಹುಡುಕುವವರಂತೆ ಅಲ್ಲಿ ಇಲ್ಲಿ ನೋಡಿ, ನನ್ನ ಮುಖ ನೋಡದೆ ಹೇಳಿದರು. "ವಾಸನೆ ಇಲ್ದಿರೋ ಹಂಗೆ ಮಾಡಕ್ಕಾಗಲ್ವಾ ಅದನ್ನ?"

ಓದುಗರೇ, ನೀವೇ ಹೇಳಿ. ಲಕ್ಕಿಯ ವಾಸನೆ ಬೇಡ, ಬೆಳ್ಳುಳ್ಳಿಯ ವಾಸನೆ ಬೇಡ, ಕರ್ಪೂರ ಬೇಡ, ಓಮ ಬೇಡ. ಉಪ್ಪು ಹುಳಿ ಖಾರ ಬೇಳೆ ಯಾವುದೂ ಇಲ್ಲದ ಸಾರು ಮಾಡಿಕೊಡು ಎಂದ ಹಾಗೆ. ನನಗೆ ಬಂದ ಸಿಟ್ಟಿನಲ್ಲಿ ಅಡುಗೆಯ ಗಾಣದ ಎಳ್ಳೆಣ್ಣೆಯನ್ನು ಒಂದು ಬಟ್ಟಲಿಗೆ ಸುರಿದು, ಬರೀ ಬೆಚ್ಚಗೆ ಮಾಡಿ, ಸೊಪ್ಪಿನ ಒಂದು ಎಸಳನ್ನೂ ಹಾಕದೆ, ತೆಗೆದುಕೊಂಡು ಹೋಗಿ ಜಗಲಿಯ ಮೇಲೆ ಠಪ್ಪೆಂದು ಇಟ್ಟೆ. ಅತ್ತೆ ಬಟ್ಟಲನ್ನು ಮೂಸಿದರು. ಇನ್ನೊಮ್ಮೆ ಮೂಸಿದರು. ಏನೂ ಬರ್ತಿಲ್ಲ ಎಂದರು. ಬರಲ್ಲ, ಹಂಗೇ ಮಾಡಿರೋದು ಎಂದೆ. ಹಚ್ಚಿಕೊಳ್ಳಲು ಹೋದವರು ಅರ್ಧಕ್ಕೆ ನಿಲ್ಲಿಸಿದರು, ಬಗ್ಗಲು ಆಗುತ್ತಿರಲಿಲ್ಲ. ಕದ್ದು ಹಚ್ಚಿಕೊಳ್ಳುವಾಗ ಹೇಗೆ ಬಗ್ಗುತ್ತಿದ್ದರೋ ದೇವರೇ ಬಲ್ಲ. ನಾನೇ ಕೂತು ತಿಕ್ಕಿದೆ. ಕೋಪದಲ್ಲಿ ತಿಕ್ಕಿದ್ದರಿಂದ ಬಲವಾಗಿಯೇ ತಿಕ್ಕಿದೆನೆಂದು ಕಾಣುತ್ತದೆ, ಬಹಳ ಹೊತ್ತೂ ತಿಕ್ಕಿದೆ. ಆಮೇಲೆ ಅವರು ಸೀಗೆಪುಡಿಯಲ್ಲಿ ಕೈ ತೊಳೆದು, ಸುಣ್ಣ ತುಳಿದು, ಚೌಕಟ್ಟು ಹಿಡಿಯದೆ ಎರಡು ಮೆಟ್ಟಿಲು ಹತ್ತಿ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ಬೈಗುಳ ಶುರುವಾಯಿತು: ಅಯ್ಯೋ ಕುರುಡು ಮುಂಡೇವಾ, ಬೆಳಗ್ಗೇನೇ ಬಿಡಬೇಕಾಗಿತ್ತಲ್ರೋ ಇವನ್ನ. ತೆಲುಗು ಬೆರೆತ ಆ ಬೈಗುಳ ಕೇಳಿ ನನ್ನ ಗಂಡನ ಮುಖದಲ್ಲಿ ಬಂದ ಕಳೆ ನಮ್ಮ ಮದುವೆಯ ಫೋಟೋದಲ್ಲೂ ಇಲ್ಲ.

ಬೆಳೆ ಉಳಿಯಿತು. ಒಲೆ ಅಟ್ಟದಿಂದ ಇಳಿದು ಹಿತ್ತಿಲಿಗೆ ಬಂತು. ಆದರೆ ಯಾರಿಗೂ ಹೇಳಲಾಗದ ಅವಮಾನ ಶುರುವಾದದ್ದು ಆಮೇಲೆ. ನನ್ನ ಸೊಸೆ ಮಾಡಿದ್ದು, ವಾಸನೆಯೇ ಇಲ್ಲ, ಮೊದಲಿನದಕ್ಕಿಂತ ಜೋರು ಎಂದು ಅತ್ತೆ ಊರೆಲ್ಲ ಹೊಗಳಿಕೊಂಡು ಬಂದರು. ಈಗ ಹುಳು ಸಾಕುವ ಮನೆಗಳ ಹೆಂಗಸರೆಲ್ಲ ಬಟ್ಟಲು ಹಿಡಿದು ಬರುತ್ತಾರೆ. ಸೊಪ್ಪು ತಂದು, ಕುಟ್ಟಿ, ಸೋಸಿ, ಕೈ ಸುಟ್ಟುಕೊಂಡು ಮಾಡಿದ ಎಣ್ಣೆ ಸೀಸೆಯಲ್ಲಿ ಧೂಳು ಹಿಡಿದು ಕೂತಿದೆ. ಕೈಯೇ ಆಡಿಸದೆ ಮಾಡಿದ್ದಕ್ಕೆ ಸಾಲು ನಿಂತಿದೆ. ಏನೇನು ಹಾಕ್ತೀಯಮ್ಮಾ ಎಂದು ಕೇಳುತ್ತಾರೆ. ಏನೂ ಇಲ್ಲವೆಂದು ಒಂದಿಬ್ಬರಿಗೆ ನಿಜ ಹೇಳಿಯೂ ನೋಡಿದೆ. ಗುಟ್ಟು ಬಿಡಲ್ಲ ನೋಡು, ಜಾಣೆ ಎಂದು ನಕ್ಕರು. ಈಗ ನಾನೂ, ಹೆಸರು ಹೇಳಿದ್ರೆ ಮದ್ದು ಹಿಡಿಯಲ್ಲ ಎಂದುಬಿಡುತ್ತೇನೆ. ವಿಜ್ಞಾನದ ಶಿಕ್ಷಕಿಯ ಬಾಯಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ ನನಗೇ ಹೇಸಿಗೆಯಾಗುತ್ತದೆ.

ಹೋದ ವಾರ ಇಡೀ ದಿನ ನಿಂತು ಪಾಠ ಮಾಡಿ ನನ್ನದೇ ಮಂಡಿ ಹಿಡಿದುಕೊಂಡಿತು. ಮನೆಯಲ್ಲಿ ಹುಳುವಿತ್ತು, ನನ್ನ ನಿಜವಾದ ಎಣ್ಣೆಯ ಮುಚ್ಚಳ ತೆಗೆಯುವಂತಿರಲಿಲ್ಲ. ಅತ್ತೆ ತಮ್ಮ ಬಟ್ಟಲನ್ನು ನನ್ನ ಕಡೆ ತಳ್ಳಿ, ಕಾಲು ಚಾಚು ಎಂದರು. ಇದರಲ್ಲಿ ಏನೂ ಇಲ್ಲವೆಂದು ಜಗತ್ತಿನಲ್ಲಿ ಖಚಿತವಾಗಿ ಬಲ್ಲವಳು ನಾನೊಬ್ಬಳೇ. ಅವರು ತಿಕ್ಕಿದರು, ನಾನು ತಿಕ್ಕಿದ್ದಕ್ಕಿಂತ ಬಲವಾಗಿ. ಬೆಳಗ್ಗೆ ಎದ್ದಾಗ ನೋವು ಪೂರ್ತಿ ಹೋಗಿತ್ತು. ಇಷ್ಟು ಕೋಪ ನನಗೆ ಜೀವಮಾನದಲ್ಲಿ ಬಂದಿರಲಿಲ್ಲ.